ಮೋರೆ ಊದಿಸಿಕೊಂಡ ರೇಡಿಯೋ

ಇಸ್ತ್ರಿ ಅಂಗಡಿಯ ಒಡತಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ ಅಕ್ಕ. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದ ಮಾತು, ಶಟರ್ ಎಳೆದ ಮೇಲೂ ನಿಲ್ಲುತ್ತಿರಲಿಲ್ಲ. ಅಂಥವಳ ಪಕ್ಕದಲ್ಲಿ ಕೂತು ಇಂಗ್ಲಿಷ್ ಪದ ಉರು ಹೊಡೆಯುವುದೆಂದರೆ ಸಂತೆಯಲ್ಲಿ ನಿದ್ದೆ ಮಾಡಿದ ಹಾಗೆ. ಆದರೆ ಮಗಳಿಗೆ ಬೇರೆ ಜಾಗವಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ, ನಡುವೆ ಒಂದು ಪರದೆ ಅಷ್ಟೆ.

ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಹೋದ ವರ್ಷ ಅವಳು ಮುಗ್ಗರಿಸಿದ್ದೇ ಇಂಗ್ಲಿಷ್ ಪದಗಳಲ್ಲಿ. ಮಿಕ್ಕಿದ್ದೆಲ್ಲ ನೀರು ಕುಡಿದಷ್ಟು ಸಲೀಸು. ಎರಡನೇ ಸಲ ಬರೆಯಬಹುದಿತ್ತು, ಮೂರನೇ ಸಲ ಇಲ್ಲ. ಈ ಸಲವೂ ಹೋದರೆ ಸೋದರಮಾವನ ಬಟ್ಟೆಯಂಗಡಿಯಲ್ಲಿ ಬಿಲ್ ಹರಿಯುವ ಕೆಲಸ. ಮಾವ ಆಗಲೇ ಕುರ್ಚಿ ಒರೆಸಿಟ್ಟಿದ್ದ, ಪುಣ್ಯಾತ್ಮ.

“ಆ್ಯರಿಡ್ ಅಂದ್ರೆ ಒಣಗಿದ್ದು, ಆ್ಯರಿಡ್ ಅಂದ್ರೆ ಒಣಗಿದ್ದು,” ಎಂದು ಮಗಳು ಕಾಲರ್‌ಗೆ ನೀರು ಚಿಮುಕಿಸುತ್ತ ಗೊಣಗುತ್ತಿದ್ದಳು.

“ಇದಕ್ಕೆ ಉರು ಬೇರೆ ಹೊಡೀಬೇಕಾ? ಆರಿದ ಬಟ್ಟೆ ಅನ್ನಲ್ವಾ ನಾವು? ಆರಿದ, ಆ್ಯರಿಡ್. ಇಂಗ್ಲಿಷ್‌ನೋರು ನಮ್ಮ ಅಂಗಡಿಗೆ ಬಂದು ಹೋಗಿದಾರೆ ಕಣೇ!” ಎಂದಳು ಅಮ್ಮ.

ಮಗಳು ನಕ್ಕಳು, ಆದರೆ ಪದ ತಲೆಯಲ್ಲಿ ಕೂತುಬಿಟ್ಟಿತು. ಅಮ್ಮನಿಗೆ ಈ ಆಟದ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಕ್ಯಾಂಡಿಡ್ ಎಂದರೆ ಮುಚ್ಚುಮರೆ ಇಲ್ಲದವರು ಎಂದು ಮಗಳು ಓದಿದರೆ, “ಕಂಡಿದ್ದನ್ನ ಕಂಡ ಹಾಗೆ ಹೇಳೋರು, ನನ್ ಥರ.” ಮಿಟಿಗೇಟ್ ಎಂದರೆ ತಗ್ಗಿಸುವುದು ಎಂದರೆ, “ಮಿತಿಗೆ ತರೋದು.” ಮೊರೋಸ್ ಎಂದರೆ ಜೋಲು ಮುಖದವರು ಎಂದರೆ, “ಮೋರೆ ಊದಿಸ್ಕೊಂಡೋರು. ನಿಮ್ಮಪ್ಪನ ಕಡೆಯೋರೆಲ್ಲ ಅವರೇ.”

ಎಡವಟ್ಟಾದದ್ದು ಸಲನ್ ಪದದಲ್ಲಿ. ಮಗಳು ಅರ್ಥ ಓದುವ ಮೊದಲೇ ಅಮ್ಮ ಬಾಯಿ ಹಾಕಿದಳು: “ಸುಳ್ಳ! ಸುಳ್ಳು ಹೇಳೋನು!” ಅಷ್ಟರಲ್ಲಿ ಗಿರಾಕಿ ಬಂದರು, ಪುಸ್ತಕ ಮುಚ್ಚಿತು. ಕೋಚಿಂಗ್ ಕ್ಲಾಸಿನ ಮಾದರಿ ಪರೀಕ್ಷೆಯಲ್ಲಿ ಅವಳು ಸುಳ್ಳುಗಾರ ಎಂಬ ಅರ್ಥಕ್ಕೇ ಗುರುತು ಹಾಕಿದಳು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕಾರಣ ಕೇಳಿದರು, ಅವಳು ಹೇಳಿದಳು, ಇಡೀ ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು.

ಮನೆಗೆ ಬಂದವಳು ಉರಿದುಬಿದ್ದಳು. “ನಿನ್ನ ಕನ್ನಡದಿಂದ ನನ್ನ ಇಂಗ್ಲಿಷ್ ಹಾಳಾಯ್ತು! ಸಲನ್ ಅಂದ್ರೆ ಸುಳ್ಳ ಅಲ್ಲ, ಮುನಿಸ್ಕೊಂಡು ಮಾತು ಬಿಟ್ಟೋರು. ಇನ್ಮೇಲೆ ನನ್ನ ಓದಿಗೆ ಬಾಯಿ ಹಾಕ್ಬೇಡ.”

ರೇಡಿಯೋ ನಿಂತುಹೋಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಇಸ್ತ್ರಿಪೆಟ್ಟಿಗೆ ಬುಸ್ ಎನ್ನುವುದು ಬಿಟ್ಟರೆ ಅಂಗಡಿಯಲ್ಲಿ ಸದ್ದಿಲ್ಲ. “ಏನಕ್ಕಾ, ಸ್ಟೇಷನ್ ಸಿಗ್ತಿಲ್ವಾ?” ಎಂದ ಪಕ್ಕದ ದರ್ಜಿಗೂ ಉತ್ತರವಿಲ್ಲ. ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ ನಿಂತ ಅಮ್ಮನನ್ನು ನೋಡಿ ಮಗಳು ಓದು ಬಿಟ್ಟು ಎದ್ದು ಬಂದಳು. “ತಪ್ಪಾಯ್ತಮ್ಮ” ಎಂದರೂ ಮೋರೆ ಇಳಿಯಲಿಲ್ಲ. ಪರೀಕ್ಷೆಯ ದಿನವೂ ಬಾಯಿ ಬಿಡದೆ ಹೊಸದಾಗಿ ಇಸ್ತ್ರಿ ಮಾಡಿದ ದುಪಟ್ಟಾ ಕೈಗಿಟ್ಟಳು, ಅಷ್ಟೆ.

ಪ್ರಶ್ನೆಪತ್ರಿಕೆಯ ನಡುವಿನಲ್ಲಿ ಸಲನ್ ಕಾದಿತ್ತು: ಸಮಾನ ಪದ ಆರಿಸಿ. ಸುಳ್ಳುಗಾರ ಎಂಬ ಅರ್ಥದ ಪದ ಮೊದಲಿಗೇ ಹಲ್ಲು ಕಿರಿಯುತ್ತ ಕೂತಿತ್ತು. ಪೆನ್ನು ಒಂದು ಗಳಿಗೆ ಅದರ ಮೇಲೆ ತಡೆಯಿತು. ಆಗ ಅಮ್ಮನ ಮುಖ ಕಣ್ಣೆದುರು ಬಂತು, ಆ ಉಬ್ಬಿದ ಕೆನ್ನೆ, ಆ ಹುಬ್ಬು. ಮುನಿಸು, ಮೋರೆ. ಕೊನೆಯ ಸಾಲಿನಲ್ಲಿ ಮೊರೋಸ್ ಇತ್ತು. ಅದಕ್ಕೇ ಗುರುತು ಹಾಕಿದಳು.

ಗೇಟಿನ ಹೊರಗೆ ಅಮ್ಮ ನಿಂತಿದ್ದಳು, ನಡುಹಗಲಲ್ಲಿ ಅಂಗಡಿ ಮುಚ್ಚಿ.

“ಸಲನ್ ಬಂತೇನೆ?”

“ಬಂತಮ್ಮ. ಮೊರೋಸ್ ಅಂತ ಹಾಕ್ದೆ. ನಿನ್ನ ಮೋರೆನೇ ನೆನಪಾಗಿದ್ದು.”

“ಅಬ್ಬಾ, ಬದುಕಿದೆ!” ಅಮ್ಮ ಕೆನ್ನೆ ಉಜ್ಜಿಕೊಂಡಳು. “ಮೊದಲ್ನೇ ದಿನ ನಿಜವಾಗ್ಲೂ ಸಿಟ್ಟು ಬಂದಿತ್ತು. ಆಮೇಲೆ ಅನ್ನಿಸ್ತು, ಹೇಗೂ ಮೋರೆ ಊದಿದೆ, ಪರೀಕ್ಷೆವರೆಗೂ ಹಾಗೇ ಇಟ್ಕೊಂಡಿರೋಣ, ಕಣ್ಮುಂದೆ ಇದ್ರೆ ಆ ಪದ ನೀನು ಮರೆಯಲ್ಲ ಅಂತ. ಬಾಯಿ ಮುಚ್ಕೊಂಡಿರೋದು ಎಂಥ ಕಷ್ಟ ಗೊತ್ತೇನೆ? ಆ ದರ್ಜಿಗೆ ಹೇಳ್ಬೇಕಾಗಿದ್ದ ಮಾತು ಇನ್ನೂ ಗಂಟಲಲ್ಲೇ ಇದೆ!”

ಮಗಳು ಅತ್ತಳೋ ನಕ್ಕಳೋ, ಅಂತೂ ರಸ್ತೆಯಲ್ಲೇ ಅಮ್ಮನನ್ನು ತಬ್ಬಿಕೊಂಡಳು.

ಸೀಟು ಸಿಕ್ಕ ಸುದ್ದಿ ಬಂದದ್ದೂ, ಮಾವನ ಕುರ್ಚಿ ಮತ್ತೆ ಧೂಳು ಹಿಡಿದದ್ದೂ ಮುಂದಿನ ತಿಂಗಳ ಮಾತು. ಅಂದು ಬಸ್ಸಿನಲ್ಲಿ ಅಮ್ಮ ಬಾಕಿ ಉಳಿದ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಿದ್ದಳು. “ಸ್ವಲ್ಪ ಮೆಲ್ಲಗೆ, ಅಮ್ಮಾ,” ಎಂದ ಕಂಡಕ್ಟರ್.

ಅಮ್ಮ ಮಗಳ ಕಿವಿಗೆ ಬಾಗಿದಳು. “ಏನದು... ಮಿಟಿಗೇಟ್ ಮಾಡ್ಬೇಕೇನೆ?”

“ಬೇಡಮ್ಮ, ನಿಂಗೆ ಮಿತಿ ಬೇಡ. ಮಾತಾಡು.”