ವೈ-ಫೈ ಆರಿಸಿದವರು

ಗಾರೆ ಕೆಲಸದವನು ಗೋಡೆ ಕೊರೆಯುವಾಗ ಆಸ್ಪತ್ರೆಯ ಸರ್ವರಿನ ಕೇಬಲ್ಲನ್ನೂ ತುಂಡು ಮಾಡಿಬಿಟ್ಟಿದ್ದ. ಬೆಳಗಿನಿಂದ ರಕ್ತಪರೀಕ್ಷೆಯ ಒಂದು ವರದಿಯೂ ಕಂಪ್ಯೂಟರ್ ಮೂಲಕ ವಾರ್ಡಿಗೆ ಹೋಗಿರಲಿಲ್ಲ. ಕಂಪ್ಯೂಟರ್ ವಿಭಾಗದವಳು ಹೆಬ್ಬೆರಳುದ್ದದ ವೈ-ಫೈ ಅಡಾಪ್ಟರನ್ನು ಆ ಲಿನಕ್ಸ್ ಸರ್ವರಿಗೆ ಸಿಕ್ಕಿಸಿ ಒದ್ದಾಡುತ್ತಿದ್ದಳು. ಇಂಟರ್‌ನೆಟ್ಟಿಗೆ ಅಡಾಪ್ಟರನ್ನು ನಡೆಸುವ ಡ್ರೈವರ್ ತಂತ್ರಾಂಶ ಬೇಕು, ಡ್ರೈವರಿಗೆ ಇಂಟರ್‌ನೆಟ್ ಬೇಕು. ಕೊನೆಗೆ ಪೆನ್‌ಡ್ರೈವಿನಲ್ಲಿ ತಂದು ಅದನ್ನೂ ಹಾಕಿದಳು. ಅಡಾಪ್ಟರಿನ ದೀಪ ಹೊತ್ತಿತು, ಐದೆಣಿಸುವಷ್ಟರಲ್ಲಿ ಆರಿತು. ಹತ್ತು ಸಲ ಹೊತ್ತಿಸಿದಳು, ಹತ್ತು ಸಲವೂ ಆರಿತು.

"ಇನ್ನೂ ಆಗ್ಲಿಲ್ವಾ?" ಹೆಡ್ ನರ್ಸ್ ಏದುಸಿರು ಬಿಡುತ್ತ ಮತ್ತೆ ಬಂದಳು. "ರಿಪೋರ್ಟ್ ಚೀಟಿ ಹಿಡ್ಕೊಂಡು ಮೆಟ್ಲು ಹತ್ತಿ ಇಳಿದು ನನ್ ಮಂಡಿ ಸವೆದೋಯ್ತು."

"ಯಾವನೋ ಬೇಕಂತ್ಲೇ ಆರೋ ಹಾಗೆ ಮಾಡಿಟ್ಟಿದಾನೆ ಅಕ್ಕಾ. ಅವನ ಮನೆ ಹಾಳಾಗ!"

ಬೈಯುತ್ತಲೇ ಸರ್ವರಿನ ಫೈಲುಗಳನ್ನು ಒಂದೊಂದಾಗಿ ಜಾಲಾಡಿದಳು. ಸಿಕ್ಕಿತು. ವೈ-ಫೈ ಕಂಡ ಕೂಡಲೇ ಆರಿಸು ಎಂಬ ಒಂದೇ ಸಾಲಿನ ಆಜ್ಞೆ. ಅದರ ಮೇಲೆ ಏಳು ವರ್ಷ ಹಿಂದಿನ ಟಿಪ್ಪಣಿ: "ಇದಕ್ಕೆ ವೈ-ಫೈ ಹಾಕಲು ಹೊರಟ ಬುದ್ಧಿವಂತರೇ, ಮೊದಲು ನನ್ನನ್ನು ಕೇಳಿ." ಅದರಡಿ ಬರೆದವರ ಹೆಸರು.

"ಯಾರಂತೆ ಆ ಪುಣ್ಯಾತ್ಮ?" ನರ್ಸ್ ಪರದೆಯತ್ತ ಬಗ್ಗಿದಳು.

ಅಷ್ಟರಲ್ಲಿ ಕಂಪ್ಯೂಟರ್ ವಿಭಾಗದವಳು ತನ್ನ ಹೆಸರನ್ನು ಅಂಗೈಯಿಂದ ಮುಚ್ಚಿಬಿಟ್ಟಿದ್ದಳು.