ನಾನೂರ ಹನ್ನೆರಡನೆಯ ಶಕ್ತಿ

ಸಿಡಿಲಣ್ಣನಿಗೆ ನಾನೂರ ಹನ್ನೊಂದು ಶಕ್ತಿಗಳಿದ್ದವು. ಅಷ್ಟನ್ನೂ ಲೆಕ್ಕ ತಪ್ಪದೆ ಬರೆದಿಟ್ಟುಕೊಂಡಿದ್ದವನು ಶಕ್ತಿ ಗುಮಾಸ್ತ. ವಾರಕ್ಕೊಮ್ಮೆ ಹೊರಬರುತ್ತಿದ್ದ 'ಸಿಡಿಲಣ್ಣ' ಎಂಬ ಚಿತ್ರಕಥೆಯ ಪುಸ್ತಕದ ಕಚೇರಿಯಲ್ಲಿ ಅವನಿಗೆ ಅದೊಂದೇ ಕೆಲಸ. ಕಥೆಗಾರರು ಬರೆದ ಕಥೆ ಮೊದಲು ಅವನ ಮೇಜಿಗೆ ಬರಬೇಕು. ಸಿಡಿಲಣ್ಣ ಸಮುದ್ರ ಕುಡಿದ ಎಂದಿದ್ದರೆ ಗುಮಾಸ್ತ ಕೆಂಪು ರಟ್ಟಿನ ದಪ್ಪ ಪುಸ್ತಕ ತೆರೆದು, ಎಪ್ಪತ್ತಾರನೆಯ ಶಕ್ತಿ, ಕುಡಿಯಬಹುದು ಎಂದು ಅಂಚಿನಲ್ಲಿ ಸರಿ ಗುರುತು ಹಾಕುತ್ತಿದ್ದ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಅವನ ಕೂದಲು ಹಣ್ಣಾಗಿತ್ತು. ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಶಕ್ತಿ ಗುಮಾಸ್ತ ಬೇಕಾಗಿದ್ದಾನೆ ಎಂದು ಜಗತ್ತಿನಲ್ಲಿ ಇನ್ಯಾರೂ ಜಾಹೀರಾತು ಕೊಡುವ ಹಾಗಿರಲಿಲ್ಲ.

ಕೆಂಪು ಪುಸ್ತಕದ ಮೊದಲ ಪುಟದಲ್ಲಿ ಯಜಮಾನರ ಕೈಯಲ್ಲೇ ಬರೆದ ಮೂರು ಕಟ್ಟಳೆಗಳಿದ್ದವು. ಇದರಲ್ಲಿ ಬರೆದದ್ದು ಸಿಡಿಲಣ್ಣನಿಂದ ಆಗುತ್ತದೆ. ಬರೆಯದ್ದು ಆಗುವುದಿಲ್ಲ. ಮೊಹರು ಬಿದ್ದ ಮೇಲೆ ಒಂದಕ್ಷರವನ್ನೂ ಯಾರೂ, ಯಜಮಾನರೂ ಸಹ, ತಿದ್ದುವಂತಿಲ್ಲ. ಹಿಂದೊಮ್ಮೆ ಒಬ್ಬ ಕಥೆಗಾರ, ಪಾಪ, ಕಥೆಗೆ ಸ್ವಲ್ಪ ಉಪ್ಪುಖಾರ ಇರಲಿ ಎಂದು ಸಿಡಿಲಣ್ಣನಿಗೆ ನೆಗಡಿ ತರಿಸಲು ಹೋಗಿ ಹಳೆಯ ಶಕ್ತಿಯೊಂದನ್ನು ಅಳಿಸಿದ್ದ. ಆ ವಾರ ಅಭಿಮಾನಿ ಬಳಗದವರು ಕಚೇರಿಯ ಮುಂದೆ ಸಾಲಾಗಿ ನಿಂತು ಸೀನಿ ಪ್ರತಿಭಟಿಸಿದ್ದರು. ಮೂರನೆಯ ಕಟ್ಟಳೆ ಹುಟ್ಟಿದ್ದು ಆಗ.

ಶಕ್ತಿಗಳು ಇಷ್ಟೊಂದು ಬೆಳೆದದ್ದಕ್ಕೂ ಈ ಬಳಗವೇ ಕಾರಣ. ಸೇತುವೆ ಮುರಿದಾಗ ಸಿಡಿಲಣ್ಣ ನೀರಿಗೆ ಧುಮುಕಿದ್ದು ಏಕೆ, ಊದಿ ನದಿಯನ್ನೇ ಒಣಗಿಸಬಹುದಿತ್ತಲ್ಲ ಎಂದು ಒಂದು ಕಾಗದ ಬರುತ್ತಿತ್ತು. ಯಜಮಾನರು ಹೌದಲ್ಲ ಎಂದು ಊದುವ ಶಕ್ತಿಯನ್ನು ದಯಪಾಲಿಸುತ್ತಿದ್ದರು. ಎದುರು ಬೀದಿಯ ಪತ್ರಿಕೆಯ ವೀರ ಒಂದು ಬೆಟ್ಟ ಎತ್ತಿದರೆ ನಮ್ಮವನು ಎರಡು ಎತ್ತಬೇಕು, ಅದೂ ಮಾತಾಡುತ್ತಾ ಎತ್ತಬೇಕು. ಹೀಗೆ ಹೋಗಿ ಹೋಗಿ ಮುನ್ನೂರ ನಲವತ್ತನೆಯದು ಕಾಲವನ್ನು ಒಂದು ವಾರದವರೆಗೆ ಹಿಂದಕ್ಕೆ ತಿರುಗಿಸುವ ಶಕ್ತಿಯಾಯಿತು. ಮುನ್ನೂರ ತೊಂಬತ್ತೊಂಬತ್ತನೆಯದು ನಿದ್ದೆಯಲ್ಲೂ ಗೆಲ್ಲುವ ಶಕ್ತಿ. ನಾನೂರ ಹನ್ನೊಂದನೆಯದು ಶತ್ರುವಿನ ತಲೆಗೆ ಕೆಟ್ಟ ಯೋಚನೆ ಬರುವ ಮೊದಲೇ ಅದನ್ನು ತಡೆಯುವ ಶಕ್ತಿ.

ಅಲ್ಲಿಗೆ ಕಥೆ ಮುಗಿಯಿತು. ಯೋಚನೆಯೇ ಬರದ ಮೇಲೆ ಶತ್ರುಗಳಾದರೂ ಏನು ಮಾಡಿಯಾರು? ಮೂವತ್ತೆರಡು ಪುಟದ ಪುಸ್ತಕದಲ್ಲಿ ಮೊದಲ ಚೌಕಕ್ಕೇ ಎಲ್ಲ ಸರಿಹೋಗುತ್ತಿತ್ತು. ಕಳೆದ ವಾರದ ಸಂಚಿಕೆಯಲ್ಲಿ ಸಿಡಿಲಣ್ಣ ಸೊಂಟದ ಮೇಲೆ ಕೈಯಿಟ್ಟು ಮೂವತ್ತೊಂದು ಪುಟ ನಗುತ್ತಾ ನಿಂತಿದ್ದ, ಮಹಾ ದುಷ್ಟರು ತಂತಮ್ಮ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಕಥೆಗಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಕೊನೆಯವನು ಹೋಗುವಾಗ ಗುಮಾಸ್ತನ ಕೈ ಕುಲುಕಿ, "ದೇವ್ರಿಗೂ ಇಷ್ಟು ಅಧಿಕಾರ ಇಲ್ಲ ಕಣ್ರೀ" ಎಂದ.

ಸೋಮವಾರ ಯಜಮಾನರು ಗುಮಾಸ್ತನನ್ನು ಒಳಗೆ ಕರೆದರು. ಅವರ ಕೊಠಡಿಯ ಗೋಡೆಯಲ್ಲಿ ಆಳೆತ್ತರದ ಸಿಡಿಲಣ್ಣ ಇದ್ದ. ಅವನ ಕೆಳಗೆ ಕೂತ ಯಜಮಾನರು ಇನ್ನೂ ಸಣ್ಣದಾಗಿ ಕಾಣುತ್ತಿದ್ದರು.

"ಗುಮಾಸ್ತರೇ, ಅಂಗಡಿಯವರೆಲ್ಲ ಪುಸ್ತಕ ವಾಪಸ್ ಕಳಿಸ್ತಿದ್ದಾರೆ. ಶುಕ್ರವಾರದೊಳಗೆ ಮೂವತ್ತೆರಡು ಪುಟಾನೂ ತುಂಬೋ ಕಥೆ ಬೇಕು. ಇಲ್ದಿದ್ರೆ ಬಾಗಿಲು ಹಾಕ್ತೀನಿ. ನೀವೇ ಬರೀರಿ."

"ನಾನಾ? ಸಾರ್, ನಾನು ಸರಿ ಗುರುತು ಹಾಕೋನು."

"ಅವನ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಒಂದೆರಡು ಶಕ್ತಿ ಕಡಿಮೆ ಮಾಡಿದ್ರೆ..."

"ಕಡಿಮೆ ಅನ್ನೋ ಮಾತು ಈ ಕಟ್ಟಡದಲ್ಲಿ ಆಡಬೇಡಿ" ಎಂದರು ಯಜಮಾನರು.

ಮಂಗಳವಾರ ಇಡೀ ದಿನ ಗುಮಾಸ್ತ ತಲೆ ಕೆರೆದುಕೊಂಡ. ಸೂರ್ಯನನ್ನು ಬೀಳಿಸಿ ನೋಡಿದ. ಹದಿನೆಂಟನೆಯ ಶಕ್ತಿ ಹಿಡಿದು ನಿಲ್ಲಿಸಿತು. ಸಿಡಿಲಣ್ಣನನ್ನು ಕೊಂದೂ ನೋಡಿದ. ನೂರ ಐದನೆಯ ಶಕ್ತಿ ಎಬ್ಬಿಸಿ ಕೂರಿಸಿತು. ಸಂಜೆಯ ಹೊತ್ತಿಗೆ ಅವನಿಗೆ ಸಿಡಿಲಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಒಂದು ಸಲವಾದರೂ ಸೋಲಬಾರದೇ ಪುಣ್ಯಾತ್ಮ!

ಬುಧವಾರ ಬೆಳಿಗ್ಗೆ ಮನೆಯಲ್ಲಿ ಅವನು ಎಂದಿನಂತೆ ಅಪ್ಪನಿಗಾಗಿ ಕಾಯುತ್ತ ಕೂತಿದ್ದ. ಅಪ್ಪ ದರ್ಜಿ. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಈಗ ಬೆರಳುಗಳು ಅಷ್ಟಿಷ್ಟು ಆಡುತ್ತಿದ್ದರೂ ಹಿಡಿತ ಬಂದಿರಲಿಲ್ಲ. ಆದರೆ ಪೂರ್ತಿ ಗುಂಡಿ ಹಾಕಿದ ಅಂಗಿ ತೊಡದೆ ತಿಂಡಿಗೆ ಕೂರುವವರಲ್ಲ ಅಪ್ಪ. ಅಪ್ಪ ಕೂರದೆ ಮನೆಯಲ್ಲಿ ಇನ್ಯಾರೂ ಕೂರುತ್ತಿರಲಿಲ್ಲ. ಅಂಗಿಗೆ ಏಳು ಗುಂಡಿ, ಗುಂಡಿಗೆ ಎಂಟು ನಿಮಿಷ. ಗುಮಾಸ್ತ ದಿನವೂ ಗೋಡೆ ಗಡಿಯಾರ ನೋಡುತ್ತ ಎಣಿಸುತ್ತಿದ್ದ.

"ಅಪ್ಪ, ಇವತ್ತೊಂದಿನ ಕೊಡಿ, ನಾನು ಹಾಕ್ತೀನಿ. ಆಫೀಸಲ್ಲಿ ತಲೆ ಹೋಗೋ ಕೆಲಸ ಇದೆ."

"ಮೂವತ್ತೈದು ವರ್ಷ ಊರಿಗೆಲ್ಲ ಗುಂಡಿ ಹೊಲಿದು ಕೊಟ್ಟೋನು ನಾನು. ನನ್ನ ಅಂಗಿಗೆ ನೀನು ಹಾಕ್ತೀಯಾ? ಹೊತ್ತಾದ್ರೆ ತಿಂದು ಹೊರಡು."

"ಮಾವ ಕೂರ್ದೆ ನಾನು ಬಡಿಸಲ್ಲ" ಎಂದಳು ಹೆಂಡತಿ ಒಳಗಿನಿಂದ.

ಅಪ್ಪ ನಾಲ್ಕನೆಯ ಗುಂಡಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಕಾಜದ ಬಾಯಿಗೆ ಬಂದು ಜಾರಿತು. ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದರು. ಮತ್ತೆ ಜಾರಿತು. ಮಗನ ಮುಖ ಊದಿದ್ದು ಕಂಡು ಅಪ್ಪ ತಮ್ಮ ಹಳೆಯ ತಮಾಷೆಯನ್ನೇ ತೆಗೆದರು. ಮಗ ಈ ಕೆಲಸಕ್ಕೆ ಸೇರಿದ ದಿನದಿಂದ ಅವರು ಅದನ್ನು ಬಿಟ್ಟಿರಲಿಲ್ಲ.

"ನಿಮ್ಮೋನೇ ಪುಣ್ಯವಂತ ಬಿಡು. ಮೈಗಂಟಿದ ಬಟ್ಟೆ, ಒಂದು ಗುಂಡಿ ಇಲ್ಲ, ಒಂದು ಕಾಜ ಇಲ್ಲ. ಎಲ್ಲಿಂದ ಒಳಗೆ ಹೋಗ್ತಾನೋ, ಎಲ್ಲಿಂದ ಹೊರಗೆ ಬರ್ತಾನೋ! ಅವನ ಕೈಗೆ ಒಂದು ಅಂಗಿ ಕೊಟ್ಟು ನೋಡ್ಬೇಕು."

ಗುಮಾಸ್ತ ಗಡಿಯಾರ ನೋಡುವುದನ್ನು ಬಿಟ್ಟ. ಅಂದು ಅವನು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕಚೇರಿಯ ಮೆಟ್ಟಿಲು ಹತ್ತುವಾಗ ಉಸಿರು ಮೇಲೆ ಕೆಳಗಾಗುತ್ತಿತ್ತು. ಕೆಂಪು ಪುಸ್ತಕವನ್ನು ಒಂದರಿಂದ ನಾನೂರ ಹನ್ನೊಂದರವರೆಗೆ ಬೆರಳಿಟ್ಟು ಓದಿದ. ಬೆಟ್ಟ ಎತ್ತುವುದಿತ್ತು, ಸಮುದ್ರ ಕುಡಿಯುವುದಿತ್ತು. ಅಂಗಿಯ ಗುಂಡಿ ಹಾಕುವುದು ಇರಲಿಲ್ಲ. ಅದೂ ಒಂದು ಶಕ್ತಿ ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಭಿಮಾನಿ ಬಳಗದವರೂ ಕೇಳಿರಲಿಲ್ಲ. ಅವರೆಲ್ಲ ದಿನಾ ಬೆಳಿಗ್ಗೆ ಗುಂಡಿ ಹಾಕಿಕೊಂಡೇ ಕಾಗದ ಬರೆಯಲು ಕೂರುತ್ತಿದ್ದರು. ಬರೆಯದ್ದು ಆಗುವುದಿಲ್ಲ, ಎರಡನೆಯ ಕಟ್ಟಳೆ.

ಅವನು ಪುಸ್ತಕವನ್ನು ಎದೆಗವಚಿಕೊಂಡು ಚಿತ್ರಗಾರ್ತಿಯ ಮೇಜಿಗೆ ಓಡಿದ. ಅವಳು ಕೇಳಿ ಮೊದಲು ನಕ್ಕಳು. ಆಮೇಲೆ ಪೆನ್ಸಿಲು ಕೈಗೆತ್ತಿಕೊಂಡಳು.

"ಗುಮಾಸ್ತರೇ, ಹದಿನಾಲ್ಕು ವರ್ಷದಿಂದ ಅವನ ಮುಷ್ಟಿ ಮಾತ್ರ ಬರೆದಿದ್ದೀನಿ. ಅವನಿಗೆ ಬೆರಳು ಹೇಗಿರುತ್ತೋ ನಂಗೇ ಗೊತ್ತಿಲ್ಲ. ಒಂಚೂರು ಮಾಡಿ ತೋರ್ಸಿ."

ಗುಮಾಸ್ತ ತನ್ನ ಅಂಗಿಯ ಗುಂಡಿ ಬಿಚ್ಚಿ ಅಪ್ಪ ಹಾಕುವಂತೆ ಹಾಕಿ ತೋರಿಸಲು ಹೋದ. ಹೆಬ್ಬೆರಳು ಹೀಗೆ ಬರುತ್ತದೆ, ಆಮೇಲೆ? ಎಡಗೈ ಎಲ್ಲಿರುತ್ತದೆ? ಅವನಿಗೆ ನೆನಪಾಗಲಿಲ್ಲ. ಒಂದು ವರ್ಷದಿಂದ ದಿನಕ್ಕೆ ಒಂದು ಗಂಟೆ ಎದುರಿಗೇ ಕೂತಿದ್ದರೂ ಅವನು ನೋಡಿದ್ದು ಗಡಿಯಾರವನ್ನು, ಅಪ್ಪನ ಕೈಯನ್ನಲ್ಲ. ಅವನಿಗೆ ನಾಚಿಕೆಯಾಯಿತು. "ನಾಳೆ ಬೆಳಿಗ್ಗೆ ನೋಡ್ಕೊಂಡು ಬಂದು ಹೇಳ್ತೀನಿ" ಎಂದ. ಗುರುವಾರ ಬೆಳಿಗ್ಗೆ ಗೋಡೆಗೆ ಬೆನ್ನು ಹಾಕಿ ಕೂತು ಏಳು ಗುಂಡಿಗಳನ್ನೂ ಕಣ್ಣು ಮಿಟುಕಿಸದೆ ನೋಡಿದ.

ಶುಕ್ರವಾರ ಕಥೆ ಅಚ್ಚಿಗೆ ಹೋಯಿತು. ಮೊದಲ ಚೌಕದಲ್ಲಿ ಸಿಡಿಲಣ್ಣ ಕಳಚಿ ಬೀಳುತ್ತಿದ್ದ ಚಂದ್ರನನ್ನು ಮೊಣಕೈಯಿಂದ ತಳ್ಳಿ ಸ್ವಸ್ಥಾನಕ್ಕೆ ಸೇರಿಸಿದ. ಎರಡನೆಯದರಲ್ಲಿ ಅವನಿಗೆ ಪಾಠ ಹೇಳಿದ್ದ ಮೇಷ್ಟ್ರಮ್ಮ ಊಟಕ್ಕೆ ಕರೆದರು. "ಆ ವೇಷದಲ್ಲಿ ಬರ್ಬೇಡ. ಮನುಷ್ಯರ ಹಾಗೆ ಒಂದು ಅಂಗಿ ಹಾಕ್ಕೊಂಡು ಬಾ" ಎಂದರು. ಮಿಕ್ಕ ಪುಟಗಳಲ್ಲೆಲ್ಲ ಸಿಡಿಲಣ್ಣ ಕನ್ನಡಿಯ ಮುಂದೆ ನಿಂತು ಅಂಗಿಯ ಜೊತೆ ಸೆಣಸಿದ. ಮೊದಲ ಗುಂಡಿ ಮುಟ್ಟಿದ್ದೇ ತಡ ಪುಡಿಯಾಯಿತು. ಕಾಲವನ್ನು ಹಿಂದಕ್ಕೆ ತಿರುಗಿಸಿ ಅದನ್ನು ಇಡಿ ಮಾಡಿಕೊಂಡ. ಮತ್ತೆ ಪುಡಿಯಾಯಿತು. ಹೀಗೆ ಮೂವತ್ತೊಂದು ಸಲ. ಬೆಟ್ಟ ಎತ್ತಿದ ಕೈಯ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಂಡ, ಸೂರ್ಯನ ಮುಂದೆ ಬೆವರದವನು ಬೆವರಿದ. ಅಂತೂ ಇಂತೂ ಏಳೂ ಬಿದ್ದವು, ಆದರೆ ಒಂದು ಕಾಜ ತಪ್ಪಿ ಕಾಲರು ಒಂದು ಕಡೆ ಮೇಲೆದ್ದಿತ್ತು. ಮೇಷ್ಟ್ರಮ್ಮ ಅದನ್ನು ನೋಡಿದರು, ತಟ್ಟೆ ಇಟ್ಟರು.

ಸಂಚಿಕೆ ಎರಡೇ ದಿನದಲ್ಲಿ ಖಾಲಿಯಾಯಿತು. ಅಂಗಡಿಯವರು ಇನ್ನಷ್ಟು ಕಳಿಸಿ ಎಂದು ಫೋನಿನ ಮೇಲೆ ಫೋನು ಮಾಡಿದರು. ಒಬ್ಬ ಅಜ್ಜಿ, ಕೈ ಸುಟ್ಟುಕೊಂಡ ಒಬ್ಬ ಅಡುಗೆಯವನು, ಹೊಸದಾಗಿ ಕೂಸು ಹೆತ್ತ ಒಬ್ಬಳು ತಾಯಿ ಕಾಗದ ಬರೆದರು. ಇವರೆಲ್ಲ ಹಿಂದೆಂದೂ ಸಿಡಿಲಣ್ಣನ ಗೊಡವೆಗೆ ಬಂದವರಲ್ಲ. ಚಿತ್ರಗಾರ್ತಿ ಆ ಕಾಗದಗಳನ್ನು ಗೋಡೆಗೆ ಅಂಟಿಸಿದಳು.

ಅಭಿಮಾನಿ ಬಳಗ ಮಾತ್ರ ಕೆಂಡ ಕಾರಿತು. ಜಗದ್ರಕ್ಷಕನ ಮಾನವನ್ನು ಒಂದು ಅಂಗಿಗಾಗಿ ಹರಾಜು ಹಾಕಿದ್ದೀರಿ, ಈ ಶಕ್ತಿಯನ್ನು ಕೂಡಲೇ ಕೊಡದಿದ್ದರೆ ಎಲ್ಲರೂ ಬಂದು ಮುಂಬಾಗಿಲಲ್ಲಿ ಅಂಗಿ ಕಳಚಿ ಕೂರುತ್ತೇವೆ ಎಂದು ಬೆದರಿಸಿತು. ಆ ದೃಶ್ಯವನ್ನು ನೆನೆದು ಯಜಮಾನರು ಗುಮಾಸ್ತನನ್ನು ಕೂಗಿ ಕರೆದರು.

"ಬರ್ಕೊಳ್ಳಿ ಗುಮಾಸ್ತರೇ. ನಾನೂರ ಹನ್ನೆರಡು, ಗುಂಡಿ ಹಾಕೋ ಶಕ್ತಿ."

"ಸಾರ್, ಅದೂ ಬಂದ್ಬಿಟ್ರೆ ಮತ್ತೆ ಮೊದಲ ಚೌಕದಲ್ಲೇ ಮುಗಿಯುತ್ತೆ. ಮುಂದಿನ ವಾರ ಏನು ಮಾಡೋಣ?"

"ಅವನು ಮಾಡೋಕಾಗದ್ದು ಒಂದಿದೆ ಅಂದ್ರೆ ಅವನು ಸಿಡಿಲಣ್ಣನೇ ಅಲ್ಲ. ಬರೀರಿ ಅಂದ್ರೆ ಬರೀರಿ."

ಗುಮಾಸ್ತ ತನ್ನ ಮೇಜಿಗೆ ಬಂದು ಪುಸ್ತಕ ತೆರೆದ. ಒಂದು ಸಾಲು ಬರೆದರೆ ಸಿಡಿಲಣ್ಣ ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಾನೆ. ಅಂಗಡಿಗಳಿಂದ ಪುಸ್ತಕಗಳು ವಾಪಸು ಬರುತ್ತವೆ, ತಿಂಗಳೊಳಗೆ ಈ ಬಾಗಿಲಿಗೆ ಬೀಗ ಬೀಳುತ್ತದೆ. ಅದು ಹಾಗಿರಲಿ, ಅಪ್ಪ ಒಂದು ಗಂಟೆ ಹೆಣಗಿ ಮಾಡುವುದನ್ನು ಇವನು ಚಿಟಿಕೆ ಹೊಡೆದು ಮಾಡಿಬಿಡುತ್ತಾನೆ ಎಂಬುದೇ ಗುಮಾಸ್ತನಿಗೆ ಹೆಚ್ಚು ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಹೇಳಿದ್ದನ್ನು ಹೇಳಿದಂತೆ ಬರೆದಿದ್ದ, ಸ್ವಂತದ ಒಂದು ಪದ ಸೇರಿಸಿರಲಿಲ್ಲ. ಅಂದು ಸೇರಿಸಿದ. ಯಜಮಾನರು ಯಾರದೋ ಜೊತೆ ಫೋನಿನಲ್ಲಿ ಮಾತಾಡುತ್ತಲೇ, ಯಾವತ್ತಿನಂತೆ ಪುಟದ ಕಡೆ ಕಣ್ಣೂ ಹಾಯಿಸದೆ, ಮೊಹರು ಒತ್ತಿದರು.

ಮರುದಿನ ಬಳಗದ ಅಧ್ಯಕ್ಷರಿಗೆ ಫೋನಿನಲ್ಲಿ ಓದಿ ಹೇಳಲು ಯಜಮಾನರು ಪುಸ್ತಕ ತರಿಸಿಕೊಂಡರು. "ಕೇಳಿಸ್ಕೊಳ್ಳಿ ಸ್ವಾಮಿ. ನಾನೂರ ಹನ್ನೆರಡು. ಅಂಗಿಯ ಗುಂಡಿ ಹಾಕುವುದು" ಎಂದು ಗಂಟಲು ಸರಿಪಡಿಸಿಕೊಂಡು ಮುಂದುವರಿಸಿದರು. "ಗುಂಡಿ ಒಂದಕ್ಕೆ ಒಂಬತ್ತು ನಿಮಿಷದಂತೆ."

ಫೋನಿನ ಆ ಕಡೆ ಏನಾಯಿತೋ, ಈ ಕಡೆ ಯಜಮಾನರ ಮುಖ ಪುಸ್ತಕದ ರಟ್ಟಿನ ಬಣ್ಣಕ್ಕೆ ತಿರುಗಿತು. ಅವರು ಪೆನ್ನು ಎತ್ತಿಕೊಂಡರು. ಗುಮಾಸ್ತ ಅಷ್ಟೇ ವಿನಯದಿಂದ ಮೊದಲ ಪುಟ ತಿರುಗಿಸಿ ಮೂರನೆಯ ಕಟ್ಟಳೆಯ ಮೇಲೆ ಬೆರಳಿಟ್ಟ. ಪೆನ್ನು ಗಾಳಿಯಲ್ಲೇ ನಿಂತಿತು. ಬಾಗಿಲಾಚೆ ಚಿತ್ರಗಾರ್ತಿ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಆಗಲೇ ಒಂದು ಅಂಗಡಿಯಿಂದ ಇನ್ನೂರು ಪ್ರತಿ ಹೆಚ್ಚಿಗೆ ಬೇಕೆಂದು ಇನ್ನೊಂದು ಫೋನಿಗೆ ಕರೆ ಬಂತು. ಯಜಮಾನರು ಎರಡೂ ಫೋನುಗಳನ್ನು ಒಮ್ಮೆ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು.

"ಮುಂದಿನ ವಾರ ಏನು ಮಾಡ್ತಾನೆ?" ಎಂದು ಮೆಲ್ಲಗೆ ಕೇಳಿದರು.

"ಸೂಜಿಗೆ ದಾರ ಪೋಣಿಸ್ತಾನೆ ಸಾರ್. ಕಿತ್ತುಹೋದ ಗುಂಡಿ ಹೊಲಿಬೇಕಲ್ಲ."

ಆ ಸಂಜೆ ಗುಮಾಸ್ತ ಸಂಚಿಕೆಯನ್ನು ಅಪ್ಪನ ಪಕ್ಕದಲ್ಲಿಟ್ಟ. ಇಷ್ಟು ವರ್ಷ ಮಗನ ಪುಸ್ತಕದ ಒಂದು ಹಾಳೆಯನ್ನೂ ಮಗುಚದ ಅಪ್ಪ ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು. ಬೆರಳು ಒರೆಸಿಕೊಳ್ಳುವ ಚಿತ್ರದ ಹತ್ತಿರ ಬಹಳ ಹೊತ್ತು ನಿಂತರು.

"ಕಾಜ ಚೆನ್ನಾಗಿ ಬರೆದಿದ್ದಾಳೆ" ಎಂದರು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಎಡಗೈ ಬಿಗಿ ಹಿಡಿದಿದ್ದಾನೆ. ಸಡಿಲ ಬಿಡ್ಬೇಕು" ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಅಂಗಿಗೆ ತೋಳು ತೂರಿಸಿ ಕೂತು ಕೇಳಿದರು. "ನಿಮ್ಮೋನಿಗೆ ಈಗ ಒಂದಕ್ಕೆ ಎಷ್ಟು ಹೊತ್ತು?"

"ಒಂಬತ್ತು ನಿಮಿಷ. ಮೊಹರು ಬಿದ್ದಿದೆ, ಇನ್ನು ಯಾರೂ ತಿದ್ದೋಕಾಗಲ್ಲ."

ಅಪ್ಪ ಗಡಿಯಾರ ನೋಡಿಕೊಂಡರು. ಹೆಬ್ಬೆರಳು ಒತ್ತಿತು, ಜಾರಿತು, ಪಂಚೆಗೆ ಒರೆಸಿಕೊಂಡಿತು. ಹೆಂಡತಿ ಕೈಯಲ್ಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಗುಮಾಸ್ತನಿಗೆ ಎದ್ದು ಹೋಗಿ ಆ ಕೈಯನ್ನು ಹಿಡಿದುಕೊಳ್ಳಬೇಕು ಅನ್ನಿಸಿತು, ತಡೆದುಕೊಂಡ. ಗುಂಡಿ ಕಾಜದ ಬಾಯಿಗೆ ಬಂತು, ನಿಂತಿತು, ಆಚೆ ಬಿತ್ತು. ಅಪ್ಪ ತಲೆಯೆತ್ತಿದರು.

"ಏಳು ನಿಮಿಷ" ಎಂದರು. "ಬರ್ಕೋ."

ಕೆಂಪು ಪುಸ್ತಕ ಕಚೇರಿಯಲ್ಲಿತ್ತು. ಗುಮಾಸ್ತ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ, ಅಪ್ಪ, ಏಳು ನಿಮಿಷ ಎಂದು ಬರೆದ. ಅಕ್ಷರಗಳು ಅವನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ.

"ಮೊಹರೆಲ್ಲಿ?" ಎಂದರು ಅಪ್ಪ, ಎರಡನೆಯ ಗುಂಡಿಗೆ ಕೈ ಹಾಕುತ್ತ.