ಎರಡನೇ ದಾರಿ

ಬಿದಿರಿನ ಚಟ್ಟಕ್ಕೆ ಕೊನೆಯ ಸುತ್ತು ಹಾಕುವಷ್ಟರಲ್ಲಿ ಹಗ್ಗ ಮುಗಿಯಿತು. ದಾಸಯ್ಯ ಎದ್ದು, ಸತ್ತ ಉಮೇಶನ ಸಾಮಾನಿನ ಕೋಣೆ ಹೊಕ್ಕು, ಕರಿ ಕೇಬಲ್ಲಿನ ಸುರುಳಿಯೊಂದನ್ನು ಹಿಡಿದು ಬಂದರು.

“ಹಗ್ಗಕ್ಕೆ ಮೂಡಿಗೆರೆಗೆ ಯಾರು ಹೋಗ್ತಾರೆ ಮಾರಾಯ. ನನ್ನ ಅಣ್ಣನ ಮಗ ಜೀವಮಾನವೆಲ್ಲ ಇದನ್ನೇ ಎಳ್ದ. ಇವತ್ತು ಇದೇ ಅವನನ್ನ ಹೊತ್ಕೊಂಡು ಹೋಗ್ಲಿ.”

ಒಂದಿಬ್ಬರು ನಕ್ಕು, ತಕ್ಷಣ ಸುಮ್ಮನಾದರು. ಕಂಬಕ್ಕೆ ಒತ್ತಿ ನಿಂತಿದ್ದ ಅರುಣಾ ಆ ಸುರುಳಿಯನ್ನು ಗುರುತಿಸಿದಳು. ಎಸ್ಟೇಟಿನ ನೆಟ್‌ವರ್ಕ್ ಕೆಲಸದಲ್ಲಿ ಎರಡು ವರ್ಷದಿಂದ ಉಮೇಶನ ಜೊತೆಗಿದ್ದವಳು ಅವಳು. ಆ ಸುರುಳಿ ಸುತ್ತಿದವಳೂ ಅವಳೇ.

“ಒಂದು ದಾರಿ ಕಡಿದ್ರೆ ಇನ್ನೊಂದು ತಾನೇ ತೆರ್ಕೊಳ್ತದೆ ಅಂತಿದ್ದ, ಪಾಪ,” ಎಂದರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಶಿಧರ್. “ಅವನ ಏರ್ಪಾಡೇ ಕೈ ಕೊಡ್ತು. ಇಲ್ಲಾಂದ್ರೆ ಆ ಮಳೇಲಿ ಮರಕ್ಕೆ ಏಣಿ ಹಾಕಿ ಜಾರಿ ಬೀಳೋ ಕರ್ಮ ಯಾಕೆ ಬರ್ತಿತ್ತು?”

ಉಮೇಶನ ಕಾಲ ಬಳಿ ಕೂತಿದ್ದ ಅವನ ಹೆಂಡತಿ ರೇವತಿ ತಲೆ ತಗ್ಗಿಸಿದಳು. ಅದು ಅಳುವಿಗಿಂತ ನಾಚಿಕೆಯಂತೆ ಕಂಡಿತು.

*

“ಆಫೀಸು, ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮನೆ, ಗೋಡೌನು.” ಉಮೇಶ ಮೇಜಿನ ಮೇಲೆ ಮೂರು ಕಾಫಿ ಹಣ್ಣು ಇಟ್ಟು ಅರುಣಾಗೆ ಹೇಳಿಕೊಟ್ಟಿದ್ದ. “ಮೂರು ಕಡೆ ಸುದ್ದಿ ದಾಟಿಸೋ ಮೂರು ಸ್ವಿಚ್ಚು ಪೆಟ್ಟಿಗೆ, ನಡುವೆ ಮೂರು ಕೇಬಲ್ಲು. ಎಲ್ಲಾ ತೆರೆದಿದ್ರೆ ಒಂದೇ ಸುದ್ದಿ ಸುತ್ತಿ ಸುತ್ತಿ ಇಡೀ ನೆಟ್‌ವರ್ಕ್ ಕಟ್ಕೊಳ್ತದೆ. ಅದ್ಕೆ ಅವೇ ಮಾತಾಡ್ಕೊಂಡು ಒಂದು ಸ್ವಿಚ್ಚನ್ನ ಯಜಮಾನ ಮಾಡ್ಕೊಳ್ತವೆ, ಒಂದು ದಾರಿ ಮುಚ್ತವೆ.”

“ಮುಚ್ಚಿದ್ದು ದಂಡ ಅಲ್ವಾ ಅಣ್ಣ?”

“ದಂಡ ಅಲ್ಲ ಮಾರಾಯ್ತಿ. ಬಾಯಿ ಮುಚ್ಚಿದ್ರೂ ಕಿವಿ ತೆರ್ದಿರ್ತದೆ. ಎರಡು ಸೆಕೆಂಡಿಗೊಮ್ಮೆ ಪಕ್ಕದ ಸ್ವಿಚ್ಚು ‘ಇದ್ದೀನಿ’ ಅಂತದೆ. ಬೇರೆ ದಾರಿ ಕಡೀತೋ, ‘ತೆಗೀಲಾ?’ ಅಂತ ಒಂದು, ‘ತೆಗಿ’ ಅಂತ ಇನ್ನೊಂದು. ಕಣ್ಣು ಮಿಟುಕಿಸೋದ್ರೊಳಗೆ ಮುಗೀತು. ಹಳೇ ಕಾಲದ್ದು ಅರ್ಧ ನಿಮಿಷ ಕೂತು ಯೋಚ್ನೆ ಮಾಡ್ತಿತ್ತು.”

*

ಉಮೇಶ ಜ್ವರದಲ್ಲಿ ಮಲಗಿದ್ದ ವಾರ, ಕಾಫಿ ಒಣಗಿಸುವ ಕಣಕ್ಕೆ ಇವತ್ತೇ ಕ್ಯಾಮೆರಾ ಬೇಕೆಂದು ಶಶಿಧರ್ ಹಟ ಹಿಡಿದರು. ಗೋಡೌನಿನ ಸ್ವಿಚ್ಚಿನಲ್ಲಿ ಖಾಲಿ ಜಾಗವಿರಲಿಲ್ಲ. ಮುಚ್ಚಿದ ದಾರಿಯ ಕಿತ್ತಳೆ ದೀಪವೊಂದೇ ಸುಮ್ಮನೆ ಕೂತಂತಿತ್ತು. ಹೊಸ ಸ್ವಿಚ್ಚು ಬರುವತನಕ, ಎರಡೇ ದಿನ, ಅಂದುಕೊಂಡು ಅರುಣಾ ಪಲ್ಪರ್ ಮನೆಯಿಂದ ಬಂದಿದ್ದ ಆ ಕೇಬಲ್ಲನ್ನು ಬಿಚ್ಚಿ, ಅದರ ಜಾಗಕ್ಕೆ ಕ್ಯಾಮೆರಾದ ವೈರು ಸಿಕ್ಕಿಸಿದಳು. ಬಿಚ್ಚಿದ ಕೇಬಲ್ ಕಣದಲ್ಲಿ ಕಾಲಿಗೆ ತೊಡರದಿರಲೆಂದು ಪೂರ್ತಿ ಸುತ್ತಿ ಉಮೇಶನ ಕೋಣೆಯಲ್ಲಿ ಬೇರೆ ಸುರುಳಿಗಳ ನಡುವೆ ಇಟ್ಟಳು.

ಎರಡು ದಿನ ಹನ್ನೆರಡಾಯಿತು. ನಿನ್ನೆ, ಅಕಾಲದ ಮಳೆಗೆ ಸಿಲ್ವರ್ ಓಕ್ ಕೊಂಬೆ ಮುರಿದು ಆಫೀಸಿನಿಂದ ಪಲ್ಪರ್ ಮನೆಗೆ ಹೋಗುವ ಕೇಬಲ್ ಕಡಿಯಿತು. ಉಮೇಶ ಫೋನ್ ಮಾಡಿದ.

“ಎರಡನೇ ದಾರಿ ಯಾಕೆ ತೆರೀಲಿಲ್ಲ? ಗೋಡೌನ್ ಕಡೆ ಸರಿ ಇದೆಯಾ?”

ಬೈಯುತ್ತಾನೆಂದು ಹೆದರಿ ಅವಳು, “ಸರಿ ಇದೆ ಅಣ್ಣ,” ಅಂದಳು.

ಅವನು ಏಣಿ ಹೊತ್ತು ಹೊರಟ.

*

“ಅದು ಬೇಡ ದಾಸಯ್ಯನೋರೇ,” ಅರುಣಾ ಅಂದಳು. “ಅದೇ ಎರಡನೇ ದಾರಿ. ನಾನೇ ಬಿಚ್ಚಿಟ್ಟಿದ್ದು. ಉಮೇಶಣ್ಣ ಕೇಳಿದ್ರು. ಸರಿ ಇದೆ ಅಂತ ಸುಳ್ಳು ಹೇಳ್ದೆ.”

ಶಶಿಧರ್ ಚಪ್ಪಲಿಯ ಕೆಸರು ನೋಡತೊಡಗಿದರು.

ರೇವತಿ ತಲೆಯೆತ್ತಿದಳು. “ರೈಟ್ರೇ, ಕೇಳಿಸ್ತಾ? ಅವರ ಕೆಲಸ ಕೆಟ್ಟಿರ್ಲಿಲ್ಲ.” ಅರುಣಾಳ ಕಡೆ ನೋಡದೆಯೇ ಹೇಳಿದಳು: “ತಗೊಂಡು ಹೋಗಿ ಎಲ್ಲಿತ್ತೋ ಅಲ್ಲಿ ಹಾಕು. ಆಮೇಲೆ ಈ ಬಾಗಿಲಿಗೆ ಬರ್ಬೇಡ.”

ದಾಸಯ್ಯ ಸುರುಳಿಯನ್ನು ಅರುಣಾಳ ಕೈಗಿಟ್ಟು, ಹೆಗಲ ಮೇಲಿನ ಪಂಚೆ ಹರಿದು ಚಟ್ಟಕ್ಕೆ ಬಿಗಿದರು.

ಪಲ್ಪರ್ ಮನೆಯಲ್ಲಿ ಒಂದು ತುದಿ ಸಿಕ್ಕಿಸಿ, ಕಣದಂಚಿಗೆ ಕೇಬಲ್ ಎಳೆದುಕೊಂಡು ಅವಳು ಗೋಡೌನಿಗೆ ಬಂದಳು. ಕ್ಯಾಮೆರಾದ ವೈರು ಕಿತ್ತಳು. ಕೇಬಲ್ಲಿನ ತುದಿ ಎರಡು ಸಲ ತಪ್ಪಿತು. ಮೂರನೆಯ ಸಲ ‘ಟಕ್’ ಎಂದು ಕೂತಿತು. ಕಿತ್ತಳೆ ದೀಪ ಹೊತ್ತಿ, ಅವಳು ಕಣ್ಣು ಮಿಟುಕಿಸುವ ಮೊದಲೇ ಹಸಿರಾಯಿತು.

ಚಟ್ಟ ಹೊತ್ತವರು ಹೊರಗೆ ಕಣ ದಾಟುತ್ತಿದ್ದರು. ನೆಟ್‌ವರ್ಕಿಲ್ಲದೆ ನಿನ್ನೆಯಿಂದ ಸುಮ್ಮನಿದ್ದ ಪಲ್ಪರ್ ಮನೆಯ ತೂಕದ ಯಂತ್ರ ‘ಬೀಪ್’ ಎಂದು ಕೂಗಿತು. ಮುಂದೆ ಹೆಗಲು ಕೊಟ್ಟಿದ್ದ ದಾಸಯ್ಯನ ಹೆಜ್ಜೆ ತಪ್ಪಿತು. ಚಟ್ಟ ಒಮ್ಮೆ ವಾಲಿ, ನೆಟ್ಟಗಾಗಿ, ಮುಂದೆ ಹೋಯಿತು.